ಎಷ್ಟು ಕುರ್ಚಿ ಹಾಕಬೇಕು?

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಆಪ್ತಸಮಾಲೋಚನೆಯ ಕುರಿತಾಗಿವೆ. ಕೇಳುವ ರೀತಿ ಬೇರೆಬೇರೆಯಾದರೂ ಬಹುಪಾಲು ಪತ್ರಗಳಲ್ಲಿರುವ ಗೊಂದಲ ಒಂದೇ: ಒಬ್ಬರೇ ಹೋಗಬೇಕೋ, ಇಬ್ಬರೂ ಹೋಗಬೇಕೋ, ಮನೆಮಂದಿಯೆಲ್ಲ ಹೋಗಬೇಕೋ? ಸಮಾಲೋಚಕರ ಕೊಠಡಿಯಲ್ಲಿ ಎಷ್ಟು ಕುರ್ಚಿ ಹಾಕಬೇಕು ಎಂಬುದು ಬರಿಯ ಅನುಕೂಲದ ವಿಚಾರವೆಂದು ತೋರಬಹುದು; ಆದರೆ ತೊಂದರೆ ಯಾರೊಳಗಿದೆ ಅಥವಾ ಯಾರ ನಡುವೆ ಇದೆ ಎಂಬ ನಮ್ಮ ತಿಳಿವಳಿಕೆಯೇ ಆ ಲೆಕ್ಕವನ್ನು ನಿರ್ಧರಿಸುತ್ತದೆ. ಆರು ಪತ್ರಗಳನ್ನು ಆಯ್ದುಕೊಂಡಿದ್ದೇನೆ. ಬರೆದವರ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.

ಪ್ರಶ್ನೆ: ಎಂಟು ತಿಂಗಳಿಂದ ನನಗೆ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳುತ್ತದೆ, ಉಸಿರು ಕಟ್ಟಿದಂತಾಗುತ್ತದೆ, ಇನ್ನೇನು ಪ್ರಾಣ ಹೋಯಿತು ಎನಿಸುತ್ತದೆ. ಹೃದಯದ ಎಲ್ಲ ಪರೀಕ್ಷೆಗಳಲ್ಲೂ ತೊಂದರೆಯಿಲ್ಲ ಎಂದೇ ಬಂದಿದೆ. ವೈದ್ಯರು ಸಮಾಲೋಚಕರನ್ನು ಕಾಣಲು ಹೇಳಿದ್ದಾರೆ. ಮಾತನಾಡಿದರೆ ಎದೆಬಡಿತ ಹೇಗೆ ನಿಲ್ಲುತ್ತದೆ? ಮಾತನಾಡುವುದಕ್ಕೆ ನನಗೆ ಒಳ್ಳೆಯ ಸ್ನೇಹಿತರಿದ್ದಾರೆ.

ಉತ್ತರ: ‘ಮಾತಿನ ಚಿಕಿತ್ಸೆ’ ಎಂಬ ಹೆಸರನ್ನು ಕೊಟ್ಟವರು ವೈದ್ಯರಲ್ಲ, ರೋಗಿ. ಜೋಸೆಫ್ ಬ್ರಾಯರ್ ಮತ್ತು ಸಿಗ್ಮಂಡ್ ಫ್ರಾಯ್ಡ್ 1895ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ‘ಆನಾ ಓ’ ಎಂದು ಕರೆಯಲ್ಪಟ್ಟಿರುವ ಯುವತಿ, ತಾನು ಪಡೆಯುತ್ತಿದ್ದ ಉಪಚಾರವನ್ನು ಹಾಗೆ ಕರೆದಿದ್ದಳು. ಆ ಹೆಸರು ಉಳಿದುಕೊಂಡಿತು. ಜೊತೆಗೆ, ಮನಸ್ಸಿನಲ್ಲಿರುವುದನ್ನು ಹೊರಹಾಕಿದರೆ ಸಾಕು ಎಂಬ ತಪ್ಪು ಕಲ್ಪನೆಯೂ ಉಳಿಯಿತು. ನಿಮ್ಮಂಥ ತೊಂದರೆಯಲ್ಲಿ ಹೊರಹಾಕುವುದಕ್ಕಿಂತ ಪರೀಕ್ಷಿಸಿ ನೋಡುವ ಕೆಲಸವೇ ಹೆಚ್ಚು.

ನೀವು ವಿವರಿಸಿರುವುದು ಪ್ಯಾನಿಕ್, ಅಂದರೆ ದಿಗಿಲಿನ ಆಘಾತಗಳಂತಿದೆ. ಹೃದಯದ ಪರೀಕ್ಷೆ ಮೊದಲೇ ಮುಗಿದಿರುವುದು ಒಳ್ಳೆಯದಾಯಿತು. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಇದರ ಒಳಗುಟ್ಟನ್ನು ಒಂದು ಚಕ್ರದಂತೆ ವಿವರಿಸಿದರು. ಮೆಟ್ಟಿಲು ಹತ್ತಿದ್ದರಿಂದಲೋ ನಿದ್ದೆಗೆಟ್ಟದ್ದರಿಂದಲೋ ಎದೆಬಡಿತ ಸ್ವಲ್ಪ ಏರುತ್ತದೆ, ಮನಸ್ಸು ಅದನ್ನು ‘ಹೃದಯಾಘಾತ’ ಎಂದು ಓದಿಕೊಳ್ಳುತ್ತದೆ, ಆ ಓದಿನಿಂದ ಭಯ ಹುಟ್ಟುತ್ತದೆ, ಭಯ ಎದೆಬಡಿತವನ್ನು ಇನ್ನೂ ಏರಿಸುತ್ತದೆ, ಏರಿದ ಬಡಿತ ಮೊದಲಿನ ಅನುಮಾನಕ್ಕೆ ಸಾಕ್ಷಿಯಾಗಿಬಿಡುತ್ತದೆ. ಅಮೆರಿಕದ ಮನೋವೈದ್ಯ ಏರನ್ ಬೆಕ್ 1960ರ ದಶಕದಲ್ಲಿ ಖಿನ್ನತೆಗಾಗಿ ಆರಂಭಿಸಿದ ಅರಿವಿನ ಚಿಕಿತ್ಸೆ ಮುಂದೆ ವರ್ತನಾ ವಿಧಾನಗಳೊಂದಿಗೆ ಸೇರಿ, ಈಗ ಸಿಬಿಟಿ ಎಂದು ಎಲ್ಲರೂ ಕರೆಯುವ ರೂಪ ತಳೆದಿದೆ. ಅದು ಈ ಚಕ್ರದ ಮೇಲೆಯೇ ಕೆಲಸ ಮಾಡುತ್ತದೆ. ಸಮಾಲೋಚಕರು ನಿಮ್ಮನ್ನು ಒಂದೆರಡು ನಿಮಿಷ ಬೇಕೆಂದೇ ವೇಗವಾಗಿ ಉಸಿರಾಡಲು ಹೇಳಬಹುದು. ನೀವು ಹೆದರುತ್ತಿದ್ದ ಅದೇ ಲಕ್ಷಣಗಳು ಅಲ್ಲಿ, ಅವರ ಕಣ್ಣೆದುರೇ ಕಾಣಿಸಿಕೊಂಡು, ಯಾವ ಅನಾಹುತವೂ ಆಗದೆ ಇಳಿದುಹೋಗುತ್ತವೆ. ನೂರು ಸಲ ಧೈರ್ಯ ಹೇಳಿಸಿಕೊಂಡರೂ ನಂಬದ ದೇಹ ಒಮ್ಮೆ ತಾನೇ ಅನುಭವಿಸಿದ್ದನ್ನು ನಂಬತೊಡಗುತ್ತದೆ.

ಸ್ನೇಹಿತರಿಗೂ ಸಮಾಲೋಚಕರಿಗೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ. ‘ಏನೂ ಆಗುವುದಿಲ್ಲ, ನಾನಿದ್ದೇನೆ’ ಎಂದು ಸ್ನೇಹಿತರು ಪ್ರೀತಿಯಿಂದ ಹೇಳುತ್ತಾರೆ, ಆ ಕ್ಷಣಕ್ಕೆ ಹಾಯೆನಿಸುತ್ತದೆ. ಆದರೆ ಅವರು ಜೊತೆಗಿದ್ದುದರಿಂದಲೇ ಬದುಕುಳಿದೆ ಎಂದು ಮನಸ್ಸು ಲೆಕ್ಕ ಬರೆದುಕೊಳ್ಳುತ್ತದೆ, ಮುಂದಿನ ಸಲ ಅವರಿಲ್ಲದೆ ಹೊರಗೆ ಕಾಲಿಡಲು ಬಿಡುವುದಿಲ್ಲ. ಬಾಗಿಲ ಪಕ್ಕದಲ್ಲೇ ಕೂರುವುದು, ಕೈಯಲ್ಲಿ ಸದಾ ನೀರಿನ ಬಾಟಲಿ ಹಿಡಿಯುವುದು, ಒಬ್ಬರೇ ಪ್ರಯಾಣ ಮಾಡದಿರುವುದು ಇವೆಲ್ಲ ಇಂಥ ಲೆಕ್ಕಗಳೇ. ಇವುಗಳನ್ನು ಒಂದೊಂದಾಗಿ ಬಿಡಿಸುವ ಅಭ್ಯಾಸವನ್ನು ವಾರದ ಉಳಿದ ದಿನಗಳಲ್ಲಿ ನೀವೇ ಮಾಡಬೇಕಾಗುತ್ತದೆ. ಭೇಟಿಗಳು ಸಾಮಾನ್ಯವಾಗಿ ವಾರಕ್ಕೊಂದು, ಸುಮಾರು 50 ನಿಮಿಷದವು. ಈ ತೊಂದರೆಗೆ ಅನೇಕರಿಗೆ 10ರಿಂದ 15 ಭೇಟಿಗಳು ಸಾಕಾಗುತ್ತವೆ.

ನಿಮ್ಮ ಮಟ್ಟಿಗೆ ಒಂದೇ ಕುರ್ಚಿ ಸಾಕು. ಮನೆಯಲ್ಲಿ ಯಾರಾದರೂ ನಿಮ್ಮನ್ನು ಎಲ್ಲಿಗೆ ಹೋದರೂ ಜೊತೆಗೂಡಿ ಕರೆದೊಯ್ಯುವ ರೂಢಿ ಮಾಡಿಕೊಂಡಿದ್ದರೆ, ಅವರನ್ನು ಒಂದು ಭೇಟಿಗೆ ಕರೆತನ್ನಿ; ಸಹಾಯವನ್ನು ಯಾವಾಗ ಹಿಂತೆಗೆಯಬೇಕು ಎಂಬುದು ಅವರಿಗೂ ತಿಳಿಯಬೇಕು.

ಪ್ರಶ್ನೆ: ನಮ್ಮ ಮದುವೆಯಾಗಿ 11 ವರ್ಷವಾಯಿತು. ಹೆಂಡತಿ ಸಣ್ಣ ವಿಷಯಕ್ಕೂ ಪ್ರಶ್ನೆಗಳ ಸುರಿಮಳೆ ಸುರಿಸುತ್ತಾಳೆ, ನಾನು ಜಗಳ ಬೇಡವೆಂದು ಸುಮ್ಮನಾಗುತ್ತೇನೆ, ಅವಳ ಕೋಪ ಇನ್ನೂ ಹೆಚ್ಚುತ್ತದೆ. ಈಗ ದಂಪತಿ ಸಮಾಲೋಚನೆಗೆ ಹೋಗೋಣ ಎನ್ನುತ್ತಿದ್ದಾಳೆ. ಅಲ್ಲಿ ಇಬ್ಬರೂ ಸೇರಿ ನನ್ನನ್ನೇ ತಪ್ಪಿತಸ್ಥನನ್ನಾಗಿ ಮಾಡುತ್ತಾರೆ ಎಂಬ ಅಳುಕಿದೆ. ಅವಳೊಬ್ಬಳೇ ಹೋಗಿ ತನ್ನ ಕೋಪವನ್ನು ಸರಿಮಾಡಿಕೊಂಡರೆ ಆಗದೆ?

ಉತ್ತರ: ನಿಮ್ಮ ಪತ್ರದ ಎರಡನೆಯ ಸಾಲನ್ನು ನಿಮ್ಮ ಹೆಂಡತಿ ಬರೆದಿದ್ದರೆ ಹೇಗಿರುತ್ತಿತ್ತು ಎಂದು ಯೋಚಿಸಿದ್ದೀರಾ? ‘ಅವರು ಸುಮ್ಮನಾಗುತ್ತಾರೆ, ಆದ್ದರಿಂದ ನಾನು ಕೇಳಲೇಬೇಕಾಗುತ್ತದೆ, ಕೇಳಿದಷ್ಟೂ ಅವರು ಇನ್ನೂ ಸುಮ್ಮನಾಗುತ್ತಾರೆ’ ಎಂದು. ಎರಡು ಹೇಳಿಕೆಗಳೂ ನಿಜವೇ. ಒಬ್ಬರು ಬೆನ್ನಟ್ಟುವುದು, ಇನ್ನೊಬ್ಬರು ಹಿಂದೆ ಸರಿಯುವುದು: ದಂಪತಿಗಳೊಂದಿಗೆ ಕೆಲಸ ಮಾಡುವವರಿಗೆ ಇದಕ್ಕಿಂತ ಪರಿಚಿತವಾದ ವೃತ್ತ ಮತ್ತೊಂದಿಲ್ಲ. ವೃತ್ತಕ್ಕೆ ಆರಂಭವಿಲ್ಲವಾದ್ದರಿಂದ ಮೊದಲು ಯಾರು ಶುರುಮಾಡಿದರು ಎಂಬ ವಿಚಾರಣೆಗೆ ಅಲ್ಲಿ ಅರ್ಥವೂ ಇರುವುದಿಲ್ಲ. ಒಳ್ಳೆಯ ದಂಪತಿ ಸಮಾಲೋಚಕರು ನ್ಯಾಯಾಧೀಶರಾಗಲು ಒಪ್ಪುವುದಿಲ್ಲ. ಅವರ ಮುಂದೆ ಕುಳಿತಿರುವ ‘ರೋಗಿ’ ನೀವೂ ಅಲ್ಲ, ನಿಮ್ಮ ಹೆಂಡತಿಯೂ ಅಲ್ಲ, ನಿಮ್ಮಿಬ್ಬರ ನಡುವೆ ಸುತ್ತುತ್ತಿರುವ ಆ ವೃತ್ತ.

1980ರ ದಶಕದಲ್ಲಿ ಕೆನಡಾದಲ್ಲಿ ಸ್ಯೂ ಜಾನ್ಸನ್ ಮತ್ತು ಲೆಸ್ಲಿ ಗ್ರೀನ್‌ಬರ್ಗ್ ರೂಪಿಸಿದ ಭಾವನಾಕೇಂದ್ರಿತ ಚಿಕಿತ್ಸೆ ಈ ವೃತ್ತವನ್ನೇ ಹಿಡಿದು ಮುಂದುವರಿಯುತ್ತದೆ. ಮಗುವಿಗೂ ತಾಯಿಗೂ ಇರುವ ಬಾಂಧವ್ಯದ ಬಗ್ಗೆ ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಹೇಳಿದ್ದನ್ನು ಜಾನ್ಸನ್ ವಯಸ್ಕರ ದಾಂಪತ್ಯಕ್ಕೆ ಅನ್ವಯಿಸಿದರು. ಆ ದೃಷ್ಟಿಯಲ್ಲಿ ಪ್ರಶ್ನೆಗಳ ಸುರಿಮಳೆಯ ಹಿಂದೆ ‘ನೀನು ನನ್ನ ಜೊತೆಗಿದ್ದೀಯಾ?’ ಎಂಬ ಒಂದೇ ಪ್ರಶ್ನೆ ಇರಬಹುದು, ನಿಮ್ಮ ಮೌನದ ಹಿಂದೆ ‘ನಾನು ಬಾಯಿ ತೆರೆದರೆ ಇನ್ನೂ ಹದಗೆಡುತ್ತದೆ’ ಎಂಬ ಭಯವಿರಬಹುದು. ಕೋಪವೂ ಮೌನವೂ ಮೇಲುಪದರ. ಕೆಳಗಿರುವುದನ್ನು ಒಬ್ಬರು ಇನ್ನೊಬ್ಬರ ಮುಖ ನೋಡಿ ಹೇಳುವಂತಾದರೆ ವೃತ್ತ ಸಡಿಲವಾಗುತ್ತದೆ. ಇದನ್ನು ನಿಮ್ಮ ಹೆಂಡತಿಯೊಬ್ಬರೇ ಹೋಗಿ ಮಾಡಿಕೊಂಡು ಬರುವುದು ಹೇಗೆ?

ನಿಮ್ಮ ಮೌನದ ಬಗ್ಗೆ ಇನ್ನೊಂದು ಮಾತು. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಮತ್ತು ಸಂಗಡಿಗರು ದಂಪತಿಗಳ ಜಗಳವನ್ನು ಚಿತ್ರೀಕರಿಸಿಕೊಂಡು, ಅದೇ ಹೊತ್ತಿನಲ್ಲಿ ಅವರ ನಾಡಿಬಡಿತವನ್ನೂ ಅಳೆದರು. ಗೋಡೆಯಂತೆ ಕುಳಿತವರ ದೇಹದೊಳಗೆ ಬಿರುಗಾಳಿಯೇ ಇರಬಲ್ಲದು ಎಂಬುದು ಅಲ್ಲಿ ಕಂಡಿತು. ನಾಡಿ ನಿಮಿಷಕ್ಕೆ 100 ದಾಟಿದಾಗ ಎದುರಿನವರ ಮಾತು ಕಿವಿಗೆ ಬಿದ್ದರೂ ತಲೆಗೆ ಇಳಿಯುವುದು ಕಷ್ಟ. ಅಂಥ ಹೊತ್ತಿನಲ್ಲಿ ಕನಿಷ್ಠ 20 ನಿಮಿಷ ಬಿಡುವು ತೆಗೆದುಕೊಳ್ಳಬೇಕು ಎಂಬುದು ಅವರ ಸಲಹೆ. ಆದರೆ ಹೇಳದೆಕೇಳದೆ ಎದ್ದುಹೋಗುವುದು ಬಿಡುವಲ್ಲ. ‘ಈಗ ನನ್ನಿಂದ ಆಗುತ್ತಿಲ್ಲ, ಅರ್ಧ ಗಂಟೆಯ ನಂತರ ಬರುತ್ತೇನೆ’ ಎಂದು ಹೇಳಿ ಹೋಗಬೇಕು. ಅದಕ್ಕಿಂತ ಮುಖ್ಯವಾಗಿ, ಹೇಳಿದ ಹೊತ್ತಿಗೆ ಮರಳಿ ಬರಬೇಕು. ಮರಳಿ ಬರದವರನ್ನೇ ಜನ ಬೆನ್ನಟ್ಟುವುದು.

ಗಾಟ್‌ಮನ್ ಅವರ ಇನ್ನೊಂದು ಗಮನಿಕೆಯೂ ನಿಮಗೆ ಉಪಯೋಗವಾಗಬಹುದು. ದಂಪತಿಗಳ ಭಿನ್ನಾಭಿಪ್ರಾಯಗಳಲ್ಲಿ ಸುಮಾರು ಶೇಕಡ 69ರಷ್ಟು ಎಂದಿಗೂ ಪೂರ್ತಿ ಬಗೆಹರಿಯುವಂಥವಲ್ಲ, ಸ್ವಭಾವದ ವ್ಯತ್ಯಾಸದಿಂದ ಹುಟ್ಟಿದವು ಎನ್ನುತ್ತಾರೆ ಅವರು. (ಯಾರು ವಿಚ್ಛೇದನ ಪಡೆಯುತ್ತಾರೆ ಎಂದು ಮೊದಲೇ ಹೇಳಬಲ್ಲೆವೆಂಬ ಅವರ ಲೆಕ್ಕಗಳ ಬಗ್ಗೆ ಸಂಶೋಧಕರಲ್ಲೇ ತಕರಾರಿದೆ, ನಾನೂ ಅವುಗಳನ್ನು ಜಾತಕದಂತೆ ಓದುವುದಿಲ್ಲ.) ಬದಲಿಸಲಾಗದ್ದನ್ನು ಹೇಗೆ ಹೊತ್ತು ನಡೆಯಬೇಕು ಎಂಬುದೂ ಚಿಕಿತ್ಸೆಯ ಭಾಗವೇ ಎಂದು ಮನಗಂಡು, ಆಂಡ್ರ್ಯೂ ಕ್ರಿಸ್ಟೆನ್ಸೆನ್ ಮತ್ತು ನೀಲ್ ಜೇಕಬ್‌ಸನ್ ತಮ್ಮ ವಿಧಾನದಲ್ಲಿ ‘ಬದಲಾವಣೆ’ಯಷ್ಟೇ ತೂಕವನ್ನು ‘ಒಪ್ಪಿಕೊಳ್ಳುವಿಕೆ’ಗೂ ಕೊಟ್ಟರು.

ಮೊದಲ ಭೇಟಿಗೆ ಇಬ್ಬರೂ ಹೋಗಿ. ಅನೇಕ ಸಮಾಲೋಚಕರು ಅದಾದ ಮೇಲೆ ಒಬ್ಬೊಬ್ಬರನ್ನೇ ಬೇರೆಯಾಗಿ ಒಮ್ಮೆ ಕಾಣುತ್ತಾರೆ. ಹಾಗೆ ಒಬ್ಬರೇ ಹೇಳಿದ ಗುಟ್ಟನ್ನು ಏನು ಮಾಡುತ್ತೀರಿ ಎಂದು ಆರಂಭದಲ್ಲೇ ಕೇಳಿಬಿಡಿ. ಕೆಲವರು ಜೋಡಿಯ ಕೆಲಸಕ್ಕೆ ಸಂಬಂಧಿಸಿದ ಗುಟ್ಟನ್ನು ಒಬ್ಬರ ಪರವಾಗಿ ಬಚ್ಚಿಡುವುದಿಲ್ಲ ಎಂಬ ನಿಯಮ ಇಟ್ಟುಕೊಂಡಿರುತ್ತಾರೆ, ಕೆಲವರು ಬೇರೆ ರೀತಿ ನಡೆದುಕೊಳ್ಳುತ್ತಾರೆ. ಯಾವುದಾದರೂ ಸರಿ, ಇಬ್ಬರಿಗೂ ಮೊದಲೇ ತಿಳಿದಿರಬೇಕು. ಎರಡು ಮೂರು ಭೇಟಿಗಳ ನಂತರವೂ ಅವರು ಒಂದೇ ಪಕ್ಷ ಹಿಡಿಯುತ್ತಿದ್ದಾರೆ ಎನಿಸಿದರೆ ಅಲ್ಲೇ, ಹೆಂಡತಿಯ ಎದುರಿನಲ್ಲೇ ಹೇಳಿ. ಸುಮ್ಮನಾಗಿ ಮನೆಗೆ ಬರಬೇಡಿ.

ಪ್ರಶ್ನೆ: ನನ್ನ ಗಂಡ ಸಿಟ್ಟು ಬಂದಾಗ ಕೈ ಮಾಡುತ್ತಾರೆ. ನನ್ನ ಫೋನ್, ಹಣ, ಯಾರೊಡನೆ ಮಾತನಾಡುತ್ತೇನೆ ಎಲ್ಲವೂ ಅವರಿಗೆ ಗೊತ್ತಿರಬೇಕು. ಈಗ ಅವರೇ ‘ಇಬ್ಬರೂ ಕೌನ್ಸೆಲಿಂಗ್‌ಗೆ ಹೋಗೋಣ’ ಎನ್ನುತ್ತಿದ್ದಾರೆ. ಇದು ಒಳ್ಳೆಯ ಲಕ್ಷಣವೇ?

ಉತ್ತರ: ಇಬ್ಬರೂ ಜೊತೆಯಾಗಿ ಹೋಗಬೇಡಿ, ಈಗಂತೂ ಬೇಡ. ಮೇಲಿನ ಪತ್ರಕ್ಕೆ ನಾನು ಹೇಳಿದ ‘ವೃತ್ತ’ದ ಮಾತು ನಿಮಗೆ ಅನ್ವಯಿಸುವುದಿಲ್ಲ. ಜೋಡಿ ಚಿಕಿತ್ಸೆ ಇಬ್ಬರೂ ನಿರ್ಭಯವಾಗಿ ಮಾತನಾಡಬಲ್ಲರು ಎಂಬ ನೆಲೆಯ ಮೇಲೆ ನಿಂತಿದೆ. ನೀವು ಆ ಕೊಠಡಿಯಲ್ಲಿ ಸತ್ಯ ಹೇಳಿದರೆ ಅದರ ಬೆಲೆಯನ್ನು ಮನೆಗೆ ಬಂದ ಮೇಲೆ ತೆರಬೇಕಾಗಬಹುದು, ಹೇಳದಿದ್ದರೆ ಚಿಕಿತ್ಸೆಯೇ ಸುಳ್ಳಾಗುತ್ತದೆ. ಅಲ್ಲದೆ ಇಬ್ಬರನ್ನೂ ಪಕ್ಕಪಕ್ಕ ಕೂರಿಸಿದ ಕೂಡಲೇ ಹೊಡೆತದ ಹೊಣೆಯಲ್ಲೂ ಇಬ್ಬರಿಗೆ ಪಾಲಿದೆ ಎಂಬ ಅರ್ಥ ಬಂದುಬಿಡುತ್ತದೆ. ಆ ಹೊಣೆ ಹೊಡೆದವರದು ಮಾತ್ರ. ಸಿಟ್ಟು ತಡೆಯಲಾಗುವುದಿಲ್ಲ ಎನ್ನುವವರು ತಮ್ಮ ಮೇಲಧಿಕಾರಿಯ ಮೇಲೆ ಕೈ ಎತ್ತುತ್ತಾರೆಯೇ ಎಂಬುದನ್ನು ಗಮನಿಸಿ.

ನೀವೊಬ್ಬರೇ, ಅವರಿಗೆ ತಿಳಿಯದ ರೀತಿಯಲ್ಲಿ, ಕೌಟುಂಬಿಕ ಹಿಂಸೆಯ ವಿಷಯದಲ್ಲಿ ಅನುಭವವಿರುವ ಸಮಾಲೋಚಕರನ್ನೋ ಸಹಾಯವಾಣಿಯನ್ನೋ ಸಂಪರ್ಕಿಸಿ. ಅವರು ಮೊದಲು ಮಾಡುವುದು ಸುರಕ್ಷತೆಯ ಯೋಜನೆ: ತುರ್ತಿನಲ್ಲಿ ಎಲ್ಲಿಗೆ ಹೋಗುವುದು, ಯಾವ ಕಾಗದಪತ್ರ ಎಲ್ಲಿರಬೇಕು, ಯಾರಿಗೆ ಯಾವ ಸಂಕೇತದಲ್ಲಿ ತಿಳಿಸುವುದು ಎಂಬುದು. ಬಿಟ್ಟುಹೋಗುವ ಮಾತನ್ನು ಗಂಡನೆದುರು ಆಡಿ ಹೆದರಿಸಬೇಡಿ. ಅಪಾಯ ಹೆಚ್ಚುವುದು ಸಾಮಾನ್ಯವಾಗಿ ಆ ಹಂತದಲ್ಲಿಯೇ. ನಿಮ್ಮ ಗಂಡನಿಗೆ ನಿಜಕ್ಕೂ ಬದಲಾಗುವ ಮನಸ್ಸಿದ್ದರೆ ತಮ್ಮ ಹಿಂಸೆಯ ಬಗ್ಗೆಯೇ ಕೆಲಸ ಮಾಡುವ ಚಿಕಿತ್ಸೆಗೆ ತಾವೊಬ್ಬರೇ ಹೋಗಲಿ.

ಪ್ರಶ್ನೆ: ನಮ್ಮ 13 ವರ್ಷದ ಮಗಳು ಮೂರು ತಿಂಗಳಿಂದ ಬೆಳಗಾದರೆ ಹೊಟ್ಟೆನೋವು ಎಂದು ಶಾಲೆಗೆ ಹೋಗುತ್ತಿಲ್ಲ. ತಪಾಸಣೆಗಳಲ್ಲಿ ಏನೂ ಸಿಗಲಿಲ್ಲ. ಅವಳನ್ನು ಸರಿಮಾಡಿ ಎಂದು ಸಮಾಲೋಚಕರ ಬಳಿ ಹೋದರೆ, ನಾವಿಬ್ಬರೂ, ಅವಳ ತಮ್ಮನೂ ಬರಬೇಕು ಎಂದರು. ತೊಂದರೆ ಇರುವುದು ಅವಳಿಗೆ. ನಮ್ಮನ್ನೇಕೆ ಕಟಕಟೆಗೆ ಕರೆಯುತ್ತಾರೆ?

ಉತ್ತರ: ಮನೆಯವರನ್ನು ಕಟಕಟೆಗೆ ಕರೆದ ಕಾಲವೂ ಇತ್ತು ಎಂಬುದನ್ನು ಮೊದಲು ಒಪ್ಪಿಕೊಳ್ಳುತ್ತೇನೆ. 1948ರಲ್ಲಿ ಫ್ರೀಡಾ ಫ್ರಾಮ್-ರೈಖ್‌ಮನ್ ಎಂಬ ಹೆಸರಾಂತ ಮನೋವೈದ್ಯೆ ‘ಸ್ಕಿಜೋಫ್ರೇನಿಯ ಹುಟ್ಟಿಸುವ ತಾಯಿ’ ಎಂಬ ಪದವನ್ನು ಬಳಕೆಗೆ ತಂದರು. ಅದು ತಪ್ಪೆಂದು ತಿಳಿಯುವಷ್ಟರಲ್ಲಿ, ಮಕ್ಕಳ ಕಾಯಿಲೆಯ ದುಃಖದ ಜೊತೆಗೆ ಅದನ್ನು ತಾವೇ ತಂದಿಟ್ಟೆವೆಂಬ ಅಪವಾದವನ್ನೂ ಎಷ್ಟೋ ತಾಯಂದಿರು ಹೊತ್ತಿದ್ದರು. ನಮ್ಮ ವೃತ್ತಿ ಹಚ್ಚಿಕೊಂಡ ಕಳಂಕ ಅದು; ನಿಮ್ಮ ಅನುಮಾನ ಅಕಾರಣವಲ್ಲ.

ಆದರೆ ಇಂದಿನ ಕುಟುಂಬ ಚಿಕಿತ್ಸೆ ಕೇಳುವ ಪ್ರಶ್ನೆ ಬೇರೆ. ತೊಂದರೆಯನ್ನು ಯಾರು ಹುಟ್ಟಿಸಿದರು ಎಂದಲ್ಲ. ಅದು ಹುಟ್ಟಿದ ಮೇಲೆ ಅದರ ಸುತ್ತ ಮನೆ ಹೇಗೆ ಹೊಂದಿಕೊಂಡಿದೆ, ಆ ಹೊಂದಾಣಿಕೆ ಅದನ್ನು ಉಳಿಸುತ್ತಿದೆಯೇ ಎಂದು. ಬೆಳಗ್ಗೆ ಏಳು ಗಂಟೆಗೆ ನಿಮ್ಮ ಮನೆಯಲ್ಲಿ ಏನಾಗುತ್ತದೆ ಎಂದು ನಾನು ಊಹಿಸಬಹುದೇ? ಮಗಳು ಅಳುತ್ತಾಳೆ, ಒಬ್ಬರು ‘ಇವತ್ತೊಂದು ದಿನ ಮಲಗಿರಲಿ’ ಎನ್ನುತ್ತೀರಿ, ಇನ್ನೊಬ್ಬರು ‘ನೀನು ಹೀಗೆ ಮುದ್ದು ಮಾಡಿಯೇ ಅವಳು ಹಾಳಾದದ್ದು’ ಎನ್ನುತ್ತೀರಿ, ಒಬ್ಬರು ಬಿಗಿಯಾದಷ್ಟೂ ಇನ್ನೊಬ್ಬರು ಸಡಿಲವಾಗುತ್ತೀರಿ. ಅಷ್ಟರಲ್ಲಿ ಶಾಲೆಯ ಹೊತ್ತು ಮೀರುತ್ತದೆ, ಹೊಟ್ಟೆನೋವು ಇಳಿಯುತ್ತದೆ. ಇಳಿಯುವುದು ನಾಟಕವಲ್ಲ. ಆತಂಕದಿಂದ ಬರುವ ನೋವು ನಿಜವಾದ ನೋವೇ, ಭಯದ ಕಾರಣ ದೂರವಾದಾಗ ಅದು ನಿಜವಾಗಿಯೇ ಕಡಿಮೆಯಾಗುತ್ತದೆ.

ಇಬ್ಬರ ನಡುವಿನ ಒತ್ತಡ ತಾಳಲಾರದಾದಾಗ ಮೂರನೆಯವರೊಬ್ಬರು ಒಳಗೆ ಎಳೆಯಲ್ಪಡುವುದನ್ನು ಮರ್ರೆ ಬೋವೆನ್ ‘ತ್ರಿಕೋನ’ ಎಂದು ಕರೆದರು. ಈ ಬೋವೆನ್ 1950ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ರೋಗಿಯ ಜೊತೆಗೆ ಇಡೀ ಕುಟುಂಬವನ್ನೇ ವಾರ್ಡಿನಲ್ಲಿ ವಾಸಕ್ಕಿರಿಸಿಕೊಂಡು ಗಮನಿಸಿದವರು. ಕುಟುಂಬ ಚಿಕಿತ್ಸಕ ಸಾಲ್ವಡಾರ್ ಮಿನುಚಿನ್ ಅವರದು ಇನ್ನಷ್ಟು ನೇರವಾದ ದಾರಿ. ಮನೆಯೊಳಗಿನ ಗಡಿಗಳನ್ನು ಅವರು ನೋಡುತ್ತಿದ್ದರು: ತಂದೆತಾಯಿಯರ ನಡುವೆ ಮಗು ಕುಳಿತಿದ್ದರೆ ಎದ್ದು ಬೇರೆ ಕುರ್ಚಿಗೆ ಹೋಗುವಂತೆ ಹೇಳಿ, ತಂದೆತಾಯಿಯರು ಒಬ್ಬರನ್ನೊಬ್ಬರು ನೋಡಿ ಮಾತನಾಡುವಂತೆ ಮಾಡುತ್ತಿದ್ದರು. ಕುರ್ಚಿಗಳ ಲೆಕ್ಕ ಎಷ್ಟು ಗಂಭೀರವಾದುದು ಎಂಬುದಕ್ಕೆ ನನಗೆ ಸದಾ ನೆನಪಾಗುವ ಉದಾಹರಣೆ ಅದು.

ತಮ್ಮನನ್ನು ಕರೆಯುವುದಕ್ಕೂ ಕಾರಣವಿದೆ. ‘ಅಕ್ಕನಿಗೆ ಹೊಟ್ಟೆನೋವು ಬಂದಾಗ ಮೊದಲು ಯಾರು ಹತ್ತಿರ ಹೋಗುತ್ತಾರೆ? ಆಗ ಅಪ್ಪ ಏನು ಮಾಡುತ್ತಾರೆ?’ ಎಂದು ಅವನನ್ನು ಕೇಳುತ್ತಾರೆ. ಇಟಲಿಯ ಕುಟುಂಬ ಚಿಕಿತ್ಸಕರ ಮಿಲಾನ್ ತಂಡದವರು ರೂಢಿಗೆ ತಂದ ಈ ಬಗೆಯ ಸುತ್ತುಪ್ರಶ್ನೆಗಳಿಂದ, ದೊಡ್ಡವರು ಎಂದೂ ಗಮನಿಸದ ಮನೆಯ ನಕ್ಷೆ ಚಿಕ್ಕವರ ಬಾಯಿಂದ ಹೊರಬರುತ್ತದೆ. ಮಕ್ಕಳೊಂದಿಗೆ ಕೆಲಸ ಮಾಡುವಾಗ ಆಸ್ಟ್ರೇಲಿಯದ ಮೈಕೆಲ್ ವೈಟ್ ಮತ್ತು ನ್ಯೂಜಿಲೆಂಡಿನ ಡೇವಿಡ್ ಎಪ್‌ಸ್ಟನ್ ಅವರ ಕಥನ ವಿಧಾನವೂ ಉಪಯುಕ್ತ: ಭಯಕ್ಕೆ ಮಗಳೇ ಒಂದು ಹೆಸರಿಡುತ್ತಾಳೆ, ಆಮೇಲೆ ಮನೆಮಂದಿ ಮಗಳ ವಿರುದ್ಧ ನಿಲ್ಲುವ ಬದಲು ಅವಳ ಜೊತೆಗೂಡಿ ಆ ಹೆಸರಿನ ವಿರುದ್ಧ ನಿಲ್ಲುತ್ತಾರೆ.

ಎರಡು ಎಚ್ಚರಿಕೆಗಳಿವೆ. ಶಾಲೆಯಲ್ಲೇ ಕಾರಣವಿದ್ದರೆ, ಅಂದರೆ ಯಾರಾದರೂ ಪೀಡಿಸುತ್ತಿದ್ದರೆ ಅಥವಾ ಓದಿನಲ್ಲಿ ಗುರುತಿಸದೆ ಉಳಿದ ತೊಡಕಿದ್ದರೆ, ಮನೆಯ ನಕ್ಷೆಯನ್ನು ಎಷ್ಟು ತಿದ್ದಿದರೂ ಸಾಲದು; ಮಗಳೊಡನೆ ಸಮಾಲೋಚಕರು ಬೇರೆಯಾಗಿಯೂ ಮಾತನಾಡಲಿ, ಶಾಲೆಯವರನ್ನೂ ಸೇರಿಸಿಕೊಳ್ಳಲಿ. ಇನ್ನೊಂದು, ಮನೆಯಲ್ಲಿ ಕಳೆದ ಪ್ರತಿ ವಾರವೂ ಮರಳುವ ದಾರಿಯನ್ನು ಕಡಿದಾಗಿಸುತ್ತದೆ. ಪೂರ್ಣ ಗುಣವಾದ ಮೇಲೆ ಕಳುಹಿಸೋಣ ಎಂದು ಕಾಯಬೇಡಿ. ಮೊದಲು ಒಂದು ತರಗತಿ, ಆಮೇಲೆ ಅರ್ಧ ದಿನ ಎಂದು ಹಂತಹಂತವಾಗಿ ಹೋಗುವುದೇ ಚಿಕಿತ್ಸೆಯ ತಿರುಳು, ಆ ಹಂತಗಳ ಬಗ್ಗೆ ನೀವಿಬ್ಬರೂ ಒಂದೇ ಮಾತಾಡುವುದು ಅದರ ಅರ್ಧ ಬಲ. ಹದಿಹರೆಯದವರು ಊಟ ತೊರೆದು ಕೃಶರಾಗುವ ಅನೊರೆಕ್ಸಿಯದಲ್ಲಿ, 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ಬೆಳೆದ ವಿಧಾನ ಊಟದ ಹೊಣೆಯನ್ನೇ ತಂದೆತಾಯಿಯರ ಕೈಗೆ ಒಪ್ಪಿಸುತ್ತದೆ. ಕಟಕಟೆಯಲ್ಲಿರುವವರ ಕೈಗೆ ಯಾರೂ ಅಂಥ ಹೊಣೆ ಕೊಡುವುದಿಲ್ಲ.

ಪ್ರಶ್ನೆ: ಅಣ್ಣ ವಿಪರೀತ ಕುಡಿಯುತ್ತಾನೆ. ‘ನನಗೇನಾಗಿದೆ’ ಎಂದು ಯಾವ ಸಮಾಲೋಚಕರ ಬಳಿಗೂ ಬರುವುದಿಲ್ಲ. ಅವನು ಬಾರದೆ ನಾವು ಹೋಗಿ ಪ್ರಯೋಜನವಿದೆಯೇ?

ಉತ್ತರ: ಇದೆ. ಕುಡಿಯುವವರ ಕುರ್ಚಿ ಖಾಲಿಯಿದ್ದಾಗಲೂ ನಡೆಸಬಹುದಾದ ಒಂದು ವಿಧಾನವನ್ನು ರಾಬರ್ಟ್ ಮೈಯರ್ಸ್ ರೂಪಿಸಿದ್ದಾರೆ. ಅದಕ್ಕೆ ‘ಕ್ರಾಫ್ಟ್’ ಎಂಬ ಹೆಸರಿದೆ. ಮನೆಯವರಿಗೆ ಅಲ್ಲಿ ತರಬೇತಿ ಸಿಗುತ್ತದೆ: ಕುಡಿಯದ ಹೊತ್ತಿನಲ್ಲಿ ಅವನ ಜೊತೆ ಇರುವುದು, ಅದನ್ನು ಮೆಚ್ಚಿ ಹೇಳುವುದು, ಕುಡಿದ ಹೊತ್ತಿನಲ್ಲಿ ವಾದಕ್ಕಿಳಿಯದೆ ದೂರ ಸರಿಯುವುದು, ಅವನ ಪರವಾಗಿ ಕಚೇರಿಗೆ ಸುಳ್ಳು ಹೇಳುವುದನ್ನೂ ಸಾಲ ತೀರಿಸುವುದನ್ನೂ ನಿಲ್ಲಿಸುವುದು, ಅವನೇ ಪಶ್ಚಾತ್ತಾಪದಿಂದ ಮಾತೆತ್ತಿದ ಗಳಿಗೆ ನೋಡಿ ಚಿಕಿತ್ಸೆಯ ಪ್ರಸ್ತಾಪ ಮಾಡುವುದು. 1999ರಲ್ಲಿ ಪ್ರಕಟವಾದ ಒಂದು ಹೋಲಿಕೆಯ ಅಧ್ಯಯನದಲ್ಲಿ, ಮನೆಯವರು ಈ ತರಬೇತಿ ಪಡೆದಲ್ಲಿ ಶೇಕಡ 64ರಷ್ಟು ಕುಡುಕರು ಚಿಕಿತ್ಸೆಗೆ ಬಂದರು; ಮನೆಮಂದಿಯೆಲ್ಲ ಒಟ್ಟಾಗಿ ಎದುರು ಕೂತು ಒತ್ತಾಯಿಸುವ ವಿಧಾನದಲ್ಲಿ ಶೇಕಡ 30ರಷ್ಟು ಮಾತ್ರ. ನೀವೆಲ್ಲ ಸೇರಿ ಅವನಿಗೆ ಬುದ್ಧಿ ಹೇಳುವ ಸಭೆ ಕರೆಯುವ ಯೋಚನೆಯಲ್ಲಿದ್ದರೆ ಈ ಅಂಕಿಗಳನ್ನು ಇನ್ನೊಮ್ಮೆ ನೋಡಿ.

ಒಂದು ವಿಷಯ ಮರೆಯಬೇಡಿ. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವರು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯವಾಗಬಹುದು. ಅವನು ಬಿಡುತ್ತೇನೆ ಎಂದ ದಿನ ಮೊದಲು ವೈದ್ಯರ ಬಳಿಗೆ ಹೋಗಿ.

ಪ್ರಶ್ನೆ: ಇಷ್ಟೊಂದು ಪದ್ಧತಿಗಳಿರುವಾಗ ಯಾವುದು ಉತ್ತಮ? ನಾನು ಖಿನ್ನತೆಗಾಗಿ ಒಬ್ಬರ ಬಳಿ ಆರು ಸಲ ಹೋದೆ. ಒಳ್ಳೆಯವರೇ, ಆದರೆ ಏನೂ ಮುಂದುವರಿದಂತೆ ಕಾಣುತ್ತಿಲ್ಲ. ಬಿಟ್ಟುಬಿಡಲೇ?

ಉತ್ತರ: ಯಾವುದು ಉತ್ತಮ ಎಂಬ ಜಗಳ ಹಳೆಯದು. 1936ರಲ್ಲಿಯೇ ಸಾಲ್ ರೋಸೆನ್‌ಸ್ವೈಗ್ ಎಂಬ ಮನಶ್ಶಾಸ್ತ್ರಜ್ಞ, ಬೇರೆಬೇರೆ ಪದ್ಧತಿಗಳು ಗುಣಪಡಿಸುವುದು ಅವೆಲ್ಲವುಗಳಲ್ಲೂ ಇರುವ ಸಮಾನ ಅಂಶಗಳಿಂದಲೇ ಇರಬಹುದು ಎಂದು ಬರೆದರು. ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರಲ್ಲಿ ಇನ್ನೂ ಮುಂದೆ ಹೋಗಿ, ಸಮಾಲೋಚಕರಲ್ಲಿ ಇನ್ನೊಬ್ಬರ ಮನಸ್ಸನ್ನು ಒಳಗಿನಿಂದ ಅರಿಯುವ ಶಕ್ತಿ, ಷರತ್ತಿಲ್ಲದ ಗೌರವ ಮತ್ತು ನಟನೆಯಿಲ್ಲದ ನೇರತನ ಇದ್ದು, ಅವು ಎದುರಿನವರಿಗೆ ಮುಟ್ಟಿದರೆ ಬದಲಾವಣೆಗೆ ಅಷ್ಟು ಸಾಕು ಎಂದರು. ಸಾಕು ಎಂಬುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಮತ್ತೆಮತ್ತೆ ಕೈ ತೊಳೆಯುವಂಥ ಗೀಳಿಗೆ, ಭಯ ಹುಟ್ಟಿಸುವುದನ್ನು ಎದುರಿಸಿಯೂ ಕೈ ತೊಳೆಯದೆ ಕೂರುವ ಅಭ್ಯಾಸವೇ ಬೇಕು. ಸಹಾನುಭೂತಿಯೊಂದರಿಂದ ಅದು ಇಳಿಯುವುದು ಅಪರೂಪ. ಖಿನ್ನತೆಯಲ್ಲಾದರೋ ಹಲವು ಪದ್ಧತಿಗಳ ಫಲ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದೆ. ದಾಂಪತ್ಯದ ಕಲಹದ ಜೊತೆಗೇ ಖಿನ್ನತೆ ಬಂದಿದ್ದರೆ ಜೋಡಿ ಚಿಕಿತ್ಸೆ ಎರಡಕ್ಕೂ ನೆರವಾಗಬಲ್ಲದು ಎಂಬುದನ್ನು ಮಾತ್ರ ನೆನಪಿಡಿ. ನಿಮ್ಮ ಪತ್ರದಲ್ಲಿ ಮನೆಯ ವಿಷಯವೇ ಇಲ್ಲ.

ಸಮಾಲೋಚಕರಿಗೂ ಬಂದವರಿಗೂ ನಡುವಿನ ಹೊಂದಾಣಿಕೆಯ ಬಗ್ಗೆ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಹೇಳಿದ ಮೂರು ಅಂಶಗಳನ್ನು ಹಿಡಿದು ನಿಮ್ಮ ಆರು ಭೇಟಿಗಳನ್ನು ಪರೀಕ್ಷಿಸಬಹುದು. ಏನನ್ನು ಸಾಧಿಸಬೇಕೆಂಬುದರಲ್ಲಿ ನಿಮ್ಮಿಬ್ಬರಿಗೂ ಒಮ್ಮತವಿದೆಯೇ? ಅದಕ್ಕಾಗಿ ಮಾಡುತ್ತಿರುವ ಕೆಲಸ ಏನೆಂದು ನಿಮಗೆ ಗೊತ್ತಿದೆಯೇ? ಅವರ ಮೇಲೆ ವಿಶ್ವಾಸವಿದೆಯೇ? ‘ಒಳ್ಳೆಯವರೇ’ ಎಂದಿದ್ದೀರಿ, ಮೂರನೆಯದು ಇದೆ ಎಂದಾಯಿತು. ಮೊದಲೆರಡು ಇಲ್ಲವೇನೋ ಎಂಬುದು ನನ್ನ ಅನುಮಾನ. ಹಾಗಾಗಿ ಏಳನೆಯ ಭೇಟಿಗೆ ಹೋಗಿ, ಕುಳಿತ ಕೂಡಲೇ, ‘ನಾವು ಯಾವ ಗುರಿಗಾಗಿ ಏನು ಮಾಡುತ್ತಿದ್ದೇವೆ ಎಂಬುದು ನನಗೆ ತಿಳಿಯುತ್ತಿಲ್ಲ, ನಿಮಗೆ ಯಾವ ಬದಲಾವಣೆ ಕಾಣುತ್ತಿದೆ?’ ಎಂದು ಕೇಳಿ. ಅವರು ಮುನಿಸಿಕೊಂಡರೆ ಅಥವಾ ನಿಮ್ಮ ‘ವಿರೋಧ’ವನ್ನೇ ಕಾಯಿಲೆಯೆಂದು ವಿವರಿಸತೊಡಗಿದರೆ ಬೇರೆಯವರನ್ನು ಹುಡುಕಿ. ಪ್ರಶ್ನೆಯನ್ನು ಬರಮಾಡಿಕೊಂಡು, ನಿಮ್ಮ ಜೊತೆಗೂಡಿ ಒಂದು ಕಾಗದದ ಮೇಲೆ ಗುರಿಗಳನ್ನು ಬರೆದರೆ ಇನ್ನು ನಾಲ್ಕು ಭೇಟಿ ಕೊಟ್ಟು ನೋಡಿ. ನಿದ್ದೆ, ಹಸಿವು ತೀರಾ ಕೆಟ್ಟಿದ್ದರೆ ಔಷಧಿಯ ವಿಚಾರವಾಗಿ ಮನೋವೈದ್ಯರನ್ನೂ ಇದೇ ವಾರ ಕಾಣಿ. ಬದುಕು ಬೇಡ ಎಂಬ ಯೋಚನೆ ಬರುತ್ತಿದ್ದರೆ ಏಳನೆಯ ಭೇಟಿಗೂ ಕಾಯದೆ ಇಂದೇ ಹೋಗಿ.